ಮರಗಸಿ ಸ್ವಲ್ಪ ತಡವಾಗಲಿ, ಉಲಿಯಕ್ಕಿ ಹೊರಡಲಿ

ಮಳೆಗಾಲ ಹಿಂದೆ ಸರಿಯುತ್ತಿದ್ದಂತೆ ಮೂಡಿಗೆರೆ, ಆಲ್ದೂರು ಕಡೆಯ ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಮೇಲಿಂದ ‘ಚಿಸ್‌ವೀ, ಚಿಸ್‌ವೀ’ ಅನ್ನುವ ಚುರುಕು ದನಿ ಶುರುವಾಗುತ್ತದೆ. ಏಪ್ರಿಲ್‌ವರೆಗೂ ಕೇಳುತ್ತಲೇ ಇರುತ್ತದೆ. ತೋಟದಲ್ಲಿ ದುಡಿಯುವ ಎಲ್ಲರ ಕಿವಿಗೂ ಇದು ಬಿದ್ದಿರುತ್ತದೆ, ಹಕ್ಕಿಯನ್ನು ಕಣ್ಣಾರೆ ಕಂಡವರು ಮಾತ್ರ ಕಡಿಮೆ. ಇದು ಎಲೆ ಉಲಿಯಕ್ಕಿಗಳ ಗುಂಪಿನ ಗ್ರೀನಿಷ್ ವಾರ್ಬ್ಲರ್. ಉದ್ದ ಸುಮಾರು 10 ಸೆಂಟಿಮೀಟರ್, ತೂಕ 8 ಗ್ರಾಂ ಆಸುಪಾಸು. ಬೂದು ಬೆರೆತ ಹಸಿರು ಬೆನ್ನು, ಮಾಸಲು ಬಿಳಿ ಹೊಟ್ಟೆ, ಕಣ್ಣಿನ ಮೇಲೆ ತಿಳಿ ಬಣ್ಣದ ಹುಬ್ಬು, ರೆಕ್ಕೆಯ ಮೇಲೆ ಒಂದು ಸಣ್ಣ ಬಿಳಿ ಗೀಟು. ಗಂಡು ಹೆಣ್ಣು ನೋಡಲು ಒಂದೇ ಥರ.

ಇದು ಮರಿ ಮಾಡುವುದು ಇಲ್ಲಲ್ಲ. ಹಿಮಾಲಯದಿಂದ ಮಧ್ಯ ಏಷ್ಯಾ, ಸೈಬೀರಿಯಾ ದಾಟಿ ಬಾಲ್ಟಿಕ್ ಸಮುದ್ರದ ತೀರದವರೆಗೂ ಇದರ ತವರು ಹಬ್ಬಿದೆ. ಅಲ್ಲಿ ನೆಲದಲ್ಲೋ ದಿಬ್ಬದ ಸಂದಿಯಲ್ಲೋ ಪಾಚಿಯ ಗುಂಡಗಿನ ಗೂಡು ಕಟ್ಟುತ್ತದೆ. ಜೀವಶಾಸ್ತ್ರ ಓದಿದವರಿಗೆ ಈ ಹಕ್ಕಿ ಬೇರೊಂದು ಕಾರಣಕ್ಕೆ ಗೊತ್ತು. ಟಿಬೆಟ್ ಪ್ರಸ್ಥಭೂಮಿಯನ್ನು ಬಳಸಿಕೊಂಡು ಇದರ ಸಂತತಿ ಪಶ್ಚಿಮದಿಂದಲೂ ಪೂರ್ವದಿಂದಲೂ ಉತ್ತರಕ್ಕೆ ಹರಡಿತು. ದಾರಿಯುದ್ದಕ್ಕೂ ಹಾಡು ಸ್ವಲ್ಪ ಸ್ವಲ್ಪವೇ ಬದಲಾಯಿತು. ಕೊನೆಗೆ ಸೈಬೀರಿಯಾದಲ್ಲಿ ಎರಡು ಕವಲುಗಳು ಎದುರಾದಾಗ ಒಂದರ ಹಾಡು ಇನ್ನೊಂದಕ್ಕೆ ತನ್ನದು ಅನ್ನಿಸಲೇ ಇಲ್ಲ. ಅಲ್ಲಿ ಅವು ಬಹುಮಟ್ಟಿಗೆ ಜೋಡಿಯಾಗುವುದಿಲ್ಲ. ಡ್ಯಾರೆನ್ ಇರ್ವಿನ್ ಮತ್ತು ಜೊತೆಗಾರರು 2001ರಲ್ಲಿ ಇದನ್ನು ‘ನೇಚರ್’ ಪತ್ರಿಕೆಯಲ್ಲಿ ವಿವರಿಸಿದರು. ಒಂದು ಜೀವಿ ಎರಡಾಗುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಹಕ್ಕಿಗಳು ಬಹಳ ಅಪರೂಪ.

ಇಲ್ಲಿ ಚಳಿಗಾಲದಲ್ಲಿ ಜೋಡಿ, ಸಂಸಾರ ಯಾವುದೂ ಇಲ್ಲ. ಗಂಡಾಗಲಿ ಹೆಣ್ಣಾಗಲಿ, ಒಂದೊಂದು ಹಕ್ಕಿಯೂ ಒಂದಿಷ್ಟು ಮರಗಳನ್ನು ತನ್ನದೆಂದು ಹಿಡಿದುಕೊಂಡು ಕಾಯುತ್ತದೆ. ದಿನವಿಡೀ ಕೂಗುವುದು ‘ಇದು ನನ್ನ ಜಾಗ’ ಅಂತ ಸಾರುವುದಕ್ಕೆ. ದಕ್ಷಿಣ ಭಾರತದಲ್ಲಿ ಕಾಲಿಗೆ ಉಂಗುರ ಹಾಕಿ ಅಧ್ಯಯನ ಮಾಡಿದಾಗ, ಹೋದ ಹಕ್ಕಿ ಮರುವರ್ಷ ಅದೇ ಜಾಗಕ್ಕೆ ಬಂದದ್ದು ಕಂಡಿದೆ. ಅಂದರೆ ನಿಮ್ಮ ಅತ್ತಿ ಮರದಲ್ಲಿ ಈ ವರ್ಷ ಕೂಗುತ್ತಿರುವುದು ಕಳೆದ ವರ್ಷದ್ದೇ ಹಕ್ಕಿ ಇರಬಹುದು. ವರ್ಷದಲ್ಲಿ ಅರ್ಧಕ್ಕಿಂತ ಜಾಸ್ತಿ ಕಾಲ ಅದು ಇಲ್ಲಿಯದೇ. ಹೀಗಾಗಿ ಇದನ್ನು ಅತಿಥಿ ಅಂತ ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಜೀವಿಗಳ ಅಳಿವಿನ ಅಪಾಯ ಗುರುತಿಸುವ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಈ ಹಕ್ಕಿ ಆತಂಕವಿಲ್ಲದ ವರ್ಗದಲ್ಲಿದೆ. ‘ಹಾಗಾದರೆ ಚಿಂತೆ ಯಾಕೆ ಸರ್?’ ಅಂತ ಬೆಳೆಗಾರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಪಟ್ಟಿ ಲೆಕ್ಕ ಹಾಕುವುದು ಇಡೀ ಪ್ರಪಂಚದ ಹಕ್ಕಿಗಳನ್ನು. ನಿಮ್ಮ ತೋಟದ ಇಳಿಜಾರಿನಲ್ಲಿ ಅವು ಖಾಲಿಯಾದರೆ ಆ ಪಟ್ಟಿಗೆ ತಿಳಿಯುವುದೇ ಇಲ್ಲ. 2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯನ್ನೂ ನೋಡಬೇಕು. ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ 338 ಜಾತಿಗಳಲ್ಲಿ ಶೇ. 60ರಷ್ಟು ಇಳಿಮುಖವಾಗಿವೆ. ದೂರದಿಂದ ವಲಸೆ ಬರುವ ಹಕ್ಕಿಗಳಿಗೆ ಪೆಟ್ಟು ಜೋರಾಗಿಯೇ ಬಿದ್ದಿದೆ.

ನನ್ನ ಕಳಕಳಿ ಇರುವುದು ಮಾರ್ಚ್, ಏಪ್ರಿಲ್ ಮೇಲೆ. ಹೊರಡುವ ಮುಂಚೆ ಈ ಹಕ್ಕಿಗೆ ಎರಡು ದೊಡ್ಡ ಖರ್ಚು. ಒಂದು, ಹಳೇ ಗರಿ ಉದುರಿಸಿ ಹೊಸ ಗರಿ ಬೆಳೆಸಬೇಕು. ಇದು ಆಗುವುದು ಇಲ್ಲೇ, ಚಳಿಗಾಲದ ನೆಲೆಯಲ್ಲಿ. ಇನ್ನೊಂದು, ಸಾವಿರಾರು ಕಿಲೋಮೀಟರ್ ದಾರಿಗೆ ಮೈಯಲ್ಲಿ ಕೊಬ್ಬು ಕೂಡಿಡಬೇಕು. ಎರಡಕ್ಕೂ ಹುಳು, ಜೇಡ, ಎಲೆಹೇನು ಬೇಕು. ಅವು ಸಿಗುವುದು ಎಲೆಗಳಲ್ಲಿ. ಸರಿಯಾಗಿ ಅದೇ ಹೊತ್ತಿಗೆ ಕೊಯ್ಲು ಮುಗಿಸಿ ನಾವು ಮರಗಸಿಗೆ, ಅಂದರೆ ನೆರಳಿನ ಮರಗಳ ಕೊಂಬೆ ಸವರುವುದಕ್ಕೆ, ಆಳು ಹತ್ತಿಸುತ್ತೇವೆ. ಹಕ್ಕಿಯ ಇಡೀ ಜಾಗ ಒಂದೇ ಬೆಳಗ್ಗೆ ಬೋಳಾಗುತ್ತದೆ. ಪಕ್ಕದ ಮರಗಳಿಗೆ ಹೋಗೋಣ ಅಂದರೆ ಅಲ್ಲಿ ಆಗಲೇ ಇನ್ನೊಂದು ಹಕ್ಕಿ ಕಾವಲು ಕೂತಿರುತ್ತದೆ.

ಮರಗಸಿ ಬೇಡ ಅನ್ನುತ್ತಿಲ್ಲ. ಬೆಳಕು ಬೀಳದಿದ್ದರೆ ಕಾಫಿ ಕಾಯಿ ಕಟ್ಟುವುದಿಲ್ಲ, ಗಾಳಿಯಾಡದಿದ್ದರೆ ಮಳೆಗಾಲದಲ್ಲಿ ಕೊಳೆರೋಗ. ಆದರೆ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಏಪ್ರಿಲ್ ಕಳೆದ ಮೇಲೆ, ಮುಂಗಾರಿಗೆ ಮುಂಚೆ ಮಾಡಿದರೂ ಗಿಡಕ್ಕೆ ನಷ್ಟವಿಲ್ಲ. ಮೇ ತಿಂಗಳಲ್ಲಿ ಆಳು ಸಿಗುವುದು ಕಷ್ಟ, ನನಗೂ ಗೊತ್ತು. ಹಾಗಿದ್ದರೆ ಒಂದು ಬ್ಲಾಕ್ ಮೊದಲು ಕಸಿ ಮಾಡಿ, ಪಕ್ಕದ್ದನ್ನು ಉಳಿಸಿಕೊಳ್ಳಿ. ಹಳ್ಳದ ಬದಿಯ ಬಸರಿ, ಗೋಣಿ, ಅತ್ತಿ ಮರಗಳನ್ನಂತೂ ಕೊನೆಗೆ ಮುಟ್ಟಿ.

ಇನ್ನು ನೆರಳಿಗೆ ನೆಡುವ ಸಿಲ್ವರ್ ಓಕ್ ಮರ. ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟಗೆ ಆಸರೆ ಕೊಡುತ್ತದೆ, ಕಡಿಯುವಾಗ ಅನುಮತಿಗೆ ಅಲೆಯಬೇಕಿಲ್ಲ. ಕಾಡುಮರ ಉಳಿಸಿಕೊಂಡವರಿಗೆ ಮಾತ್ರ ಕಾಗದಪತ್ರದ ಕಾಟ. ಈ ನಿಯಮವೇ ಬೆಳೆಗಾರರನ್ನು ಆಸ್ಟ್ರೇಲಿಯಾದ ಮರದ ಕಡೆಗೆ ತಳ್ಳುತ್ತಿದೆ, ಅದನ್ನು ಬದಲಿಸದೆ ಬೆಳೆಗಾರರನ್ನಷ್ಟೇ ದೂರುವುದು ಸರಿಯಲ್ಲ. ನಾನು ನೋಡಿದ ಮಟ್ಟಿಗೆ, ಬರೀ ಸಿಲ್ವರ್ ಇರುವ ಕಡೆ ಉಲಿಯಕ್ಕಿಯ ದನಿ ವಿರಳ. ಕಾಡುಮರ ಬೆರೆತ ತೋಟದಲ್ಲಿ ನಾಲ್ಕು ದಿಕ್ಕಿನಿಂದಲೂ ಕೇಳುತ್ತದೆ.

ಈ ಹಕ್ಕಿ ನಮ್ಮ ಕಾಫಿ ಕಾಯಿ ಕೊರೆಯುವ ಕೀಟವಾದ ಕಾಯಿಕೊರಕವನ್ನು ತಿನ್ನುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಜಮೈಕಾ, ಕೋಸ್ಟರಿಕಾದ ಕಾಫಿ ತೋಟಗಳಲ್ಲಿ ಹುಳ ತಿನ್ನುವ ಸಣ್ಣ ಹಕ್ಕಿಗಳು ಕಾಯಿಕೊರಕವನ್ನು ತಗ್ಗಿಸಿದ್ದು ದಾಖಲಾಗಿದೆ. ಇಲ್ಲೂ ಬಲೆ ಕಟ್ಟಿ, ಹಕ್ಕಿ ಬರುವ ಗಿಡ ಬರದ ಗಿಡ ಹೋಲಿಸಿ ನೋಡುವ ಕೆಲಸ ಆಗಬೇಕು. ಅದಕ್ಕೆ ಒಂದು ಎಕರೆ ತೋಟ ಬಿಟ್ಟುಕೊಡುವ ಬೆಳೆಗಾರರು ಮುಂದೆ ಬರಲಿ. ಈ ಮಳೆಗಾಲಕ್ಕೆ ನೆರಳಿನ ಗಿಡ ನೆಡುವವರು ಸಿಲ್ವರ್ ಸಾಲಿನ ನಡುನಡುವೆ ಹಲಸು, ನೇರಳೆ, ಅತ್ತಿ ಹಾಕಿ. ಮೆಣಸು ಹಲಸಿನ ಮರಕ್ಕೂ ಚೆನ್ನಾಗಿಯೇ ಹಬ್ಬುತ್ತದೆ.