ಹಾಂಗ್‌ಕಾಂಗ್‌ನ ಕಂಪನಿ ನೋಂದಣಿ ಕಚೇರಿ: ಶುಲ್ಕ ಯಾರ ಪಾಲಿಗೆ, ಸಂಬಳ ಯಾರ ಲೆಕ್ಕಕ್ಕೆ?

ವಸಾಹತು ಕಾಲದ ಕಂಪನಿ ಕಾನೂನು ಓದುವಾಗ ನಾವೆಲ್ಲ ಸೀಮಿತ ಹೊಣೆಗಾರಿಕೆ (ಕಂಪನಿ ಮುಳುಗಿದರೂ ಷೇರುದಾರನ ನಷ್ಟ ಅವನ ಷೇರಿನ ಮೊತ್ತಕ್ಕಷ್ಟೇ) ಎಂಬಲ್ಲಿಗೇ ನಿಂತುಬಿಡುತ್ತೇವೆ. ಆ ಕಾನೂನನ್ನು ದಿನನಿತ್ಯ ನಡೆಸುತ್ತಿದ್ದ ಕಚೇರಿಗೆ ದುಡ್ಡು ಎಲ್ಲಿಂದ ಬರುತ್ತಿತ್ತು, ಅಲ್ಲಿ ಕೆಲಸ ಮಾಡುತ್ತಿದ್ದವರು ಯಾರು ಎಂದು ಪಠ್ಯದಲ್ಲಿ ಇರುವುದು ಕಡಿಮೆ. ನನ್ನ ಮಟ್ಟಿಗೆ ವಿಷಯದ ತಿರುಳು ಅಲ್ಲೇ ಇದೆ.

ಮೊದಲು ಮೂಲ ಮಾದರಿ ನೋಡೋಣ. ಬ್ರಿಟನ್ನಿನ 1862ರ ಕಂಪನಿ ಕಾಯ್ದೆಯ ಪ್ರಕಾರ ರಿಜಿಸ್ಟ್ರಾರ್ ಮತ್ತು ಗುಮಾಸ್ತರನ್ನು ನೇಮಿಸುವುದು ಬೋರ್ಡ್ ಆಫ್ ಟ್ರೇಡ್, ಅಂದರೆ ಸರ್ಕಾರದ ವ್ಯಾಪಾರ ಇಲಾಖೆ. ಅವರ ಸಂಬಳಕ್ಕೆ ಖಜಾನೆಯ ಒಪ್ಪಿಗೆ ಬೇಕು. ವಸೂಲಾದ ಶುಲ್ಕ ನೇರವಾಗಿ ಸರ್ಕಾರದ ಸಂಚಿತ ನಿಧಿಗೆ. ಕಚೇರಿ ಎಷ್ಟೇ ಗಳಿಸಲಿ, ಆ ಹಣದಿಂದ ಒಬ್ಬ ಗುಮಾಸ್ತನನ್ನೂ ತಾನಾಗಿ ಇಟ್ಟುಕೊಳ್ಳುವಂತಿರಲಿಲ್ಲ.

ಶುಲ್ಕವನ್ನು ಒಂದು ಉದಾಹರಣೆಯಿಂದ ಹಾಕಿ ನೋಡಿ. ಬಂಡವಾಳ 10,000 ಪೌಂಡ್ ಎಂದಿಟ್ಟುಕೊಳ್ಳೋಣ. ಮೊದಲ 2,000ಕ್ಕೆ 2 ಪೌಂಡ್. ಅಲ್ಲಿಂದ 5,000ದವರೆಗೆ ಸಾವಿರಕ್ಕೆ 1 ಪೌಂಡಿನಂತೆ 3. ಉಳಿದ ಐದು ಸಾವಿರಕ್ಕೆ ಸಾವಿರಕ್ಕೆ 5 ಶಿಲಿಂಗಿನಂತೆ 25 ಶಿಲಿಂಗ್ (20 ಶಿಲಿಂಗ್ ಸೇರಿದರೆ 1 ಪೌಂಡ್). ಒಟ್ಟು 6 ಪೌಂಡ್ 5 ಶಿಲಿಂಗ್. ಕಂಪನಿ ಎಷ್ಟೇ ದೊಡ್ಡದಿರಲಿ, 50 ಪೌಂಡಿಗಿಂತ ಹೆಚ್ಚು ಇಲ್ಲ. ಆಮೇಲೆ ಸಲ್ಲಿಸುವ ಒಂದೊಂದು ದಾಖಲೆಗೆ 5 ಶಿಲಿಂಗ್. ಕಡತ ನೋಡಲು ಬಂದವರಿಂದ ಹೆಚ್ಚೆಂದರೆ 1 ಶಿಲಿಂಗ್. ದೊಡ್ಡ ಮೊತ್ತ ಬರುವುದು ಕಂಪನಿ ಹುಟ್ಟಿದ ದಿನ. ನಂತರ ವರ್ಷಗಟ್ಟಲೆ ಕಡತ ಕಾಯುವ ಕೆಲಸಕ್ಕೆ ಸಿಗುವುದು ಚಿಲ್ಲರೆ. ಇದನ್ನು ಗಟ್ಟಿಯಾಗಿ ನೆನಪಿಡಿ.

ಹಾಂಗ್‌ಕಾಂಗ್ 1865ರಲ್ಲಿ ಇದೇ ಕಾಯ್ದೆಯ ಜಾಡಿನಲ್ಲಿ ತನ್ನ ಕಾನೂನು ತಂದಿತು. ಆದರೆ ಸಣ್ಣ ವಸಾಹತು, ಕೆಲಸಕ್ಕೆ ಪ್ರತ್ಯೇಕ ಇಲಾಖೆ ಕಟ್ಟಲಿಲ್ಲ. ಸುಪ್ರೀಂ ಕೋರ್ಟಿನ ರಿಜಿಸ್ಟ್ರಾರರೇ ಕಂಪನಿಗಳ ರಿಜಿಸ್ಟ್ರಾರ್ ಕೂಡ. (ಭಾರತದಲ್ಲೂ 1850ರ ಕಾಯ್ದೆ ನೋಂದಣಿಯನ್ನು ಕಲ್ಕತ್ತಾ, ಮದ್ರಾಸ್, ಬಾಂಬೆಯ ಸುಪ್ರೀಂ ಕೋರ್ಟುಗಳಿಗೇ ವಹಿಸಿತ್ತು.) ಸರ್ಕಾರಕ್ಕೆ ಖರ್ಚು ಉಳಿಯಿತು, ನಿಜ. ಆದರೆ ವ್ಯಾಜ್ಯಗಳ ಹೊರೆ ಹೊತ್ತ ಅಧಿಕಾರಿಗೆ ಕಂಪನಿಗಳ ಲೆಕ್ಕಪತ್ರ ಕೆದಕಿ ನೋಡುವಷ್ಟು ಬಿಡುವು ಎಲ್ಲಿಂದ ಬರಬೇಕು? ದಾಖಲೆ ಪಡೆದು ಕಟ್ಟಿಡುವುದೇ ಇಂಥ ವ್ಯವಸ್ಥೆಯ ಮಿತಿ ಎಂಬುದು ನನ್ನ ಅನಿಸಿಕೆ.

ಶಾಂಘೈ ವಿಚಾರ ಇನ್ನೂ ಸ್ವಾರಸ್ಯ. ಅದು ಬ್ರಿಟಿಷ್ ನೆಲವಲ್ಲ. ಆದರೂ ಅಲ್ಲಿನ ಬ್ರಿಟಿಷ್ ವರ್ತಕರು ಹಾಂಗ್‌ಕಾಂಗ್ ಕಾನೂನಿನಡಿ ಕಂಪನಿ ನೋಂದಾಯಿಸುತ್ತಿದ್ದರು. 1915ರ ರಾಜಾಜ್ಞೆ ಇಂಥ ‘ಚೀನಾ ಕಂಪನಿ’ಗಳಿಗಾಗಿ ಶಾಂಘೈಯಲ್ಲೇ ನೋಂದಣಿ ವ್ಯವಸ್ಥೆ ಮಾಡಿತು, ನಿರ್ದೇಶಕರಲ್ಲಿ ಬಹುಮತ ಬ್ರಿಟಿಷ್ ಪ್ರಜೆಗಳದ್ದಿರಬೇಕು ಎಂದಿತು. ಹಾಂಗ್‌ಕಾಂಗ್‌ನ ಆದಾಯ ಪಟ್ಟಿಯಲ್ಲಿ ‘ಚೀನಾ ಕಂಪನಿಗಳ ಶುಲ್ಕ’ ಎಂಬ ಪ್ರತ್ಯೇಕ ಬಾಬತ್ತೇ ಇತ್ತು. ಅಂದರೆ ವ್ಯಾಪಾರ ಶಾಂಘೈಯದು, ವರಮಾನ ಹಾಂಗ್‌ಕಾಂಗ್‌ನದು! 1943ರಲ್ಲಿ ಬ್ರಿಟನ್ ಚೀನಾದಲ್ಲಿನ ವಿಶೇಷ ಹಕ್ಕುಗಳನ್ನು (ಅಲ್ಲಿದ್ದ ತನ್ನ ಪ್ರಜೆಗಳಿಗೆ ತನ್ನದೇ ಕಾನೂನು ಎಂಬ ಹಕ್ಕು) ಬಿಟ್ಟುಕೊಟ್ಟಾಗ ಈ ಏರ್ಪಾಟಿನ ಬುಡವೇ ಹೋಯಿತು.

ಕೋರ್ಟಿನಿಂದ ಕೆಲಸ ಬೇರೆಯಾದದ್ದು 1949ರಲ್ಲಿ, ರಿಜಿಸ್ಟ್ರಾರ್ ಜನರಲ್ ಇಲಾಖೆ ಬಂದಾಗ. ಅಲ್ಲೂ ಭೂದಾಖಲೆ, ಟ್ರೇಡ್‌ಮಾರ್ಕ್‌ಗಳ ಜೊತೆ ಒಂದೇ ಸೂರು. 1993ರಲ್ಲಿ ಕಂಪನಿ ನೋಂದಣಿ ಸ್ವತಂತ್ರ ಕಚೇರಿಯಾಯಿತು; ಅದೇ ಆಗಸ್ಟ್‌ನಿಂದ ‘ಟ್ರೇಡಿಂಗ್ ಫಂಡ್’ ಪದ್ಧತಿಯಡಿ ತಾನು ವಸೂಲು ಮಾಡಿದ ಶುಲ್ಕದಿಂದಲೇ ಸಿಬ್ಬಂದಿಗೆ ಸಂಬಳ ಕೊಡತೊಡಗಿತು. ಬ್ರಿಟಿಷ್ ಆಳ್ವಿಕೆ ಮುಗಿಯಲು ಆಗ ಉಳಿದಿದ್ದದ್ದು ನಾಲ್ಕೇ ವರ್ಷ.