ಕಾರ್ಲೋವಿ ವಾರಿಯ ಚಿಲುಮೆಯನ್ನು ಎತ್ತುವುದು ಬಿಸಿಯಲ್ಲ

ಜೆಕ್ ಗಣರಾಜ್ಯದ ಪಶ್ಚಿಮ ಬೊಹೀಮಿಯಾದಲ್ಲಿ, ಟೆಪ್ಲಾ ಎಂಬ ಸಣ್ಣ ಹೊಳೆಯ ಇಕ್ಕಟ್ಟಾದ ಕಣಿವೆಯಲ್ಲಿ ಕಾರ್ಲೋವಿ ವಾರಿ ಎಂಬ ಊರಿದೆ. ಜರ್ಮನ್ ಭಾಷಿಕರು ಇದನ್ನು ಕಾರ್ಲ್ಸ್‌ಬಾದ್ ಎಂದು ಕರೆಯುತ್ತ ಬಂದಿದ್ದಾರೆ. ಊರಿನ ಮುಖ್ಯ ಚಿಲುಮೆಯಾದ ವ್ರಿಡ್ಲೊ ನಿಮಿಷಕ್ಕೆ ಸುಮಾರು 2,000 ಲೀಟರ್ ನೀರನ್ನು 12 ಮೀಟರ್‌ವರೆಗೂ ಚಿಮ್ಮಿಸುತ್ತದೆ. ಅದರೆದುರು ನಿಂತವರಲ್ಲಿ ಹೆಚ್ಚಿನವರು ಪಾತಾಳದಲ್ಲಿ ನೀರು ಕುದ್ದು, ಉಗಿಯ ಒತ್ತಡಕ್ಕೆ ಹೀಗೆ ಹಾರುತ್ತಿದೆ ಎಂದು ಭಾವಿಸುತ್ತಾರೆ. ಪ್ರವಾಸಿ ಕೈಪಿಡಿಗಳೂ ಸಂಕೋಚವಿಲ್ಲದೆ ಇದನ್ನು ಗೀಸರ್, ಅಂದರೆ ಉಗಿಯ ಒತ್ತಡಕ್ಕೆ ಚಿಮ್ಮುವ ಬಿಸಿನೀರಿನ ಬುಗ್ಗೆ, ಎನ್ನುತ್ತವೆ. ಆದರೆ ವ್ರಿಡ್ಲೊದ ನೀರಿನ ಉಷ್ಣತೆ ಸುಮಾರು 73 ಡಿಗ್ರಿ ಸೆಲ್ಸಿಯಸ್, ಅಂದರೆ ಕುದಿಯಲು ಇನ್ನೂ ಇಪ್ಪತ್ತೈದು ಡಿಗ್ರಿಯಷ್ಟು ಬಾಕಿ. ಕುದಿಯದ ನೀರನ್ನು ಉಗಿ ಎತ್ತುವುದು ಹೇಗೆ?

ಎತ್ತುವುದು ಇಂಗಾಲದ ಡೈಆಕ್ಸೈಡ್. ಮಳೆಯ ನೀರು ಗ್ರಾನೈಟ್ ಬಂಡೆಗಳ ಬಿರುಕುಗಳಲ್ಲಿ ಇಳಿದಿಳಿದು ಬಿಸಿಯಾಗುತ್ತದೆ, ಖನಿಜಗಳನ್ನು ಕರಗಿಸಿಕೊಳ್ಳುತ್ತದೆ, ಭೂಮಿಯ ಇನ್ನೂ ಆಳದ ಪದರದಿಂದ ಒಸರಿ ಬರುವ ಈ ಅನಿಲವನ್ನು ಒತ್ತಡದಲ್ಲಿ ಹೀರಿಕೊಳ್ಳುತ್ತದೆ. ಮರಳಿ ಮೇಲಕ್ಕೆ ಬರುವಾಗ ಒತ್ತಡ ತಗ್ಗಿ, ಗೋಲಿ ಸೋಡದ ಗೋಲಿಯನ್ನು ಒಳಕ್ಕೆ ಒತ್ತಿದಾಗ ಆಗುವಂತೆ, ಕರಗಿದ್ದ ಅನಿಲ ಗುಳ್ಳೆಯಾಗಿ ಬಿಡುಗಡೆಯಾಗುತ್ತದೆ. ಗುಳ್ಳೆ ಬೆರೆತ ನೀರು ಬರಿಯ ನೀರಿಗಿಂತ ಹಗುರ. ಕೆಳಗಿನ ಭಾರವಾದ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ. ಮೇಲೇರಿದಷ್ಟೂ ಒತ್ತಡ ತಗ್ಗಿ ಗುಳ್ಳೆಗಳು ಹೆಚ್ಚುತ್ತವೆ, ಹೆಚ್ಚಿದಷ್ಟೂ ನೀರು ಹಗುರವಾಗುತ್ತದೆ. ಪಾತ್ರೆಯ ಅರ್ಧದಷ್ಟಿದ್ದ ಹಾಲು ನೊರೆಯಾಗಿ ಅಂಚು ದಾಟುವುದನ್ನು ನೆನೆಯಿರಿ, ಹಾಲೇನೂ ಹೆಚ್ಚಾಗಿರುವುದಿಲ್ಲ. ಇನ್ನೂ ಹತ್ತಿರದ ಹೋಲಿಕೆ ಬೇಕಾದರೆ ನಮ್ಮ ಬಯಲುಸೀಮೆಯ ರೈತರು ಕೊಳವೆ ಬಾವಿಗೆ ಕೂರಿಸುವ ಕಂಪ್ರೆಸರ್ ಇದೆ. ಅದು ಬಾವಿಯ ತಳಕ್ಕೆ ಗಾಳಿಯನ್ನು ನುಗ್ಗಿಸುತ್ತದೆ, ಗಾಳಿ ಬೆರೆತು ಹಗುರಾದ ನೀರು ತಾನಾಗಿ ಮೇಲೇರಿ ಬರುತ್ತದೆ. ಕಾರ್ಲೋವಿ ವಾರಿಯಲ್ಲಿ ಆ ಕಂಪ್ರೆಸರ್ ನೆಲದಡಿಯೇ ಇದೆ, ಅದಕ್ಕೆ ವಿದ್ಯುತ್ತಿನ ಹಂಗಿಲ್ಲ.

ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ ಬೇಟೆಗೆ ಬಂದಾಗ ಜಿಂಕೆಯನ್ನು ಅಟ್ಟಿದ ನಾಯಿಯೊಂದು ಬಿಸಿನೀರಿಗೆ ಬಿದ್ದು ಊಳಿಟ್ಟಿತೆಂಬುದು ಊರಿನ ಸ್ಥಳಪುರಾಣ. ದಾಖಲೆ ಹೇಳುವುದು 1370ರಲ್ಲಿ ಅವನು ಊರಿಗೆ ಪಟ್ಟಣದ ಹಕ್ಕುಗಳನ್ನು ಕೊಟ್ಟನೆಂದು. ಮೊದಮೊದಲು ಇಲ್ಲಿ ನೀರನ್ನು ಕುಡಿಯುತ್ತಿರಲಿಲ್ಲ, ಅದರಲ್ಲಿ ಕೂರುತ್ತಿದ್ದರು. ಚರ್ಮ ಒಡೆದು ಬಿರಿಯುವವರೆಗೆ ಗಂಟೆಗಟ್ಟಲೆ ಕೂರುವುದೇ ಚಿಕಿತ್ಸೆ, ಬಿರುಕಿನಿಂದ ರೋಗ ಹೊರಹೋಗುತ್ತದೆಂಬುದು ಅದರ ಹಿಂದಿನ ತರ್ಕ. 1522ರಲ್ಲಿ ವಾಸ್ಲಾವ್ ಪಾಯರ್ ಎಂಬ ವೈದ್ಯ ನೀರನ್ನು ಕುಡಿಯಲೂಬೇಕೆಂದು ಬರೆದ ಮೇಲೆ ಜನ ಇನ್ನೊಂದು ಅತಿರೇಕಕ್ಕೆ ಹೊರಳಿ, ದಿನಕ್ಕೆ ಹತ್ತಾರು ಲೋಟ ಕುಡಿಯತೊಡಗಿದರು. ಹದಿನೆಂಟನೆಯ ಶತಮಾನದಲ್ಲಿ ಡೇವಿಡ್ ಬೆಕರ್ ಎಂಬ ವೈದ್ಯ ನೀರನ್ನು ರಾಸಾಯನಿಕವಾಗಿ ಪರೀಕ್ಷಿಸಿ, ಮಿತವಾಗಿ, ಚಿಲುಮೆಯ ಬಳಿಯೇ, ನಡೆದಾಡುತ್ತ ಕುಡಿಯಬೇಕೆಂಬ ಕ್ರಮವನ್ನು ರೂಢಿಗೆ ತಂದ. ಮಳೆಯಲ್ಲೂ ಹಾಗೆ ನಡೆದಾಡಲು ಆಸರೆ ಬೇಕಲ್ಲ: ಯೋಸೆಫ್ ಝೀಟೆಕ್ ವಿನ್ಯಾಸದಲ್ಲಿ 1881ರಲ್ಲಿ ಮುಗಿದ ಮಿಲ್ ಕೊಲೊನೇಡಿನ 124 ಕಂಬಗಳ ಸಾಲಿನ ಮೂಲ ಈ ಔಷಧ ಚೀಟಿಯಲ್ಲಿದೆ. ಮೂತಿಯಿರುವ ಪಿಂಗಾಣಿ ಬಟ್ಟಲು ಹಿಡಿದು ಗುಟುಕರಿಸುತ್ತ ಓಡಾಡುವವರನ್ನು ಅಲ್ಲಿ ಇಂದಿಗೂ ಕಾಣಬಹುದು.

ಹೀಗೆ ಓಡಾಡಿದವರಲ್ಲಿ ಜರ್ಮನ್ ಕವಿ ಗಯಟೆ ಹದಿಮೂರು ಸಲ ಬಂದವನು. ಅವನಿಗೆ ನೀರಿಗಿಂತ ಕಲ್ಲಿನ ಮೇಲೆ ಮೋಹ. ಹತ್ತಿರದ ಕೊಮೊರ್ನಿ ಹೂರ್ಕಾ ಎಂಬ ಗುಡ್ಡ ಹಳೆಯ ಜ್ವಾಲಾಮುಖಿಯೇ ಅಥವಾ ನೆಲದಡಿಯ ಕಲ್ಲಿದ್ದಲು ಉರಿದು ಬೆಂದ ಮಣ್ಣಿನ ದಿಬ್ಬವೇ ಎಂಬ ವಾದ ಆಗ ಬಿಸಿಯಾಗಿತ್ತು. ಸುರಂಗ ಕೊರೆದು ನೋಡಿದರೆ ತೀರುತ್ತದೆ ಎಂದು ಅವನು ಸೂಚಿಸಿದ. ಅವನು ತೀರಿಕೊಂಡ ಬಳಿಕ, 1830ರ ದಶಕದಲ್ಲಿ, ಗೆಳೆಯ ಕೌಂಟ್ ಸ್ಟರ್ನ್‌ಬರ್ಗ್ ಅಗೆಸಿದಾಗ ಜ್ವಾಲಾಮುಖಿ ಎಂಬುದು ಖಚಿತವಾಯಿತು. ಈ ಪ್ರದೇಶದ ಜ್ವಾಲಾಮುಖಿಗಳು ತಣ್ಣಗಾಗಿವೆ, ಆದರೆ ಚಿಲುಮೆಯನ್ನು ಎತ್ತುವ ಅನಿಲ ಆಳದಿಂದ ಒಸರುವುದು ನಿಂತಿಲ್ಲ.

ಒಂದೊಂದು ಚಿಲುಮೆಗೆ ಒಂದೊಂದು ಗುಣ, ಇದು ಪಿತ್ತಕ್ಕೆ, ಅದು ಹೊಟ್ಟೆಗೆ ಎಂಬ ಭಕ್ತಿಯ ಹಂಚಿಕೆ ಮಾತ್ರ ನನ್ನ ತಾಳ್ಮೆಯನ್ನು ಕೆಡಿಸುತ್ತದೆ. ಇಲ್ಲಿ ಕುಡಿಯುವ ಹದಿನೈದರಷ್ಟು ಚಿಲುಮೆಗಳಲ್ಲಿ ಹರಿಯುವುದು ಹೆಚ್ಚುಕಡಿಮೆ ಒಂದೇ ನೀರು. ವ್ಯತ್ಯಾಸ ಇರುವುದು ಉಷ್ಣತೆಯಲ್ಲಿ ಮತ್ತು ಉಳಿದಿರುವ ಅನಿಲದಲ್ಲಿ. ಹೆಚ್ಚು ತಣಿದದ್ದರಲ್ಲಿ ಅನಿಲ ಹೆಚ್ಚು, ಅಷ್ಟೆ. ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಜೀಲಿಯಸ್ 1822ರಲ್ಲಿ ಈ ನೀರನ್ನು ವಿಶ್ಲೇಷಿಸಿದ. ಅದೇ ಕಾಲದಲ್ಲಿ ಸ್ಟ್ರೂವ ಎಂಬ ಔಷಧ ತಯಾರಕ ಡ್ರೆಸ್ಡೆನ್‌ನಲ್ಲಿ ಲವಣಗಳನ್ನು ಅಳೆದು ಬೆರೆಸಿ, ಅನಿಲ ತುಂಬಿ, ಕೃತಕ ಕಾರ್ಲ್ಸ್‌ಬಾದ್ ನೀರನ್ನು ಮಾರಿದ. ಮಲಬದ್ಧತೆಯವರಿಗೆ ಇದು ಕೆಲಸ ಮಾಡುತ್ತದೆ ಎಂಬುದು ನಿಜ, ಏಕೆಂದರೆ ಅದರಲ್ಲಿ ಸೋಡಿಯಂ ಸಲ್ಫೇಟ್ ಇದೆ. ಆ ಲವಣ ಕರುಳಿನಲ್ಲಿ ನೀರನ್ನು ಹಿಡಿದಿಡುತ್ತದೆ. ಯಾವ ಊರಿನ ನೆಲದಿಂದ ಬಂದರೂ ಹಾಗೆಯೇ ವರ್ತಿಸುತ್ತದೆ.

ಲೀಟರಿಗೆ ಆರು ಗ್ರಾಮಿಗೂ ಹೆಚ್ಚು ಲವಣವಿರುವ ಈ ನೀರು ನಿಮಿಷಕ್ಕೆ 2,000 ಲೀಟರ್ ಎಂದರೆ ದಿನಕ್ಕೆ ಹದಿನೇಳು ಟನ್ನಿಗೂ ಮಿಕ್ಕ ಖನಿಜ ನೆಲದಿಂದ ಹೊರಬರುತ್ತದೆ. ಇಂಗಾಲದ ಡೈಆಕ್ಸೈಡ್ ಹಾರಿಹೋದೊಡನೆ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸಿ ಹಿಡಿದಿಡುವ ಶಕ್ತಿ ನೀರಿಗೆ ಉಳಿಯುವುದಿಲ್ಲ. ಮುತ್ತಿನಲ್ಲಿರುವ ಖನಿಜವೇ ಆದ ಅರಗೊನೈಟ್ ರೂಪದಲ್ಲಿ ಅದು ಗಟ್ಟಿಯಾಗುತ್ತದೆ, ಕಬ್ಬಿಣದ ಅಂಶದಿಂದ ಕಂದು ಬಣ್ಣ ತಳೆಯುತ್ತದೆ, ಕೊಳವೆಗಳನ್ನು ಕಟ್ಟುತ್ತದೆ. ಹಳೆಯ ಊರಿನ ಒಂದು ಭಾಗ ಇದೇ ಕಲ್ಲಿನ ಹೊದಿಕೆಯ ಮೇಲೆ ನಿಂತಿದೆ. ಅಂಗಡಿಗಳವರು ಕಾಗದದ ಗುಲಾಬಿಗಳನ್ನು ಈ ನೀರಿನ ಕೆಳಗಿಟ್ಟು, ಅವು ಕಲ್ಲಾದ ಮೇಲೆ ಮಾರುತ್ತಾರೆ. ಬೆಂಗಳೂರಿನ ಕೊಳವೆ ಬಾವಿಯ ನೀರಿನಿಂದ ಸ್ನಾನದ ಮನೆಯ ಗೀಸರಿನ ಕಾಯಿಲಿಗೆ ಕಟ್ಟಿಕೊಂಡ ಬಿಳಿ ಪದರವನ್ನು ಬೈಯುತ್ತ ಕೆರೆಸುವವರು ಅಲ್ಲಿಗೆ ಹೋದರೆ, ಅದೇ ಕ್ಯಾಲ್ಸಿಯಂ ಕಾರ್ಬೊನೇಟನ್ನು ಗುಲಾಬಿಯ ರೂಪದಲ್ಲಿ ಜೆಕ್ ಕೊರುನಾ ಕೊಟ್ಟು ಕೊಂಡು, ಮುರಿಯದಂತೆ ಬಟ್ಟೆಯಲ್ಲಿ ಸುತ್ತಿ ಮನೆಗೆ ತರುತ್ತಾರೆ.