30 ಡಿಗ್ರಿಯ ಮಹಿಮೆ

ಮಂಡಿ ತಿರುಚಿ ಬಿದ್ದವರ ಎಕ್ಸ್‌ರೇ ನೋಡಿ ‘ಮೂಳೆ ಮುರಿದಿಲ್ಲ, ಸದ್ಯ’ ಎಂದು ಮನೆಮಂದಿಯೆಲ್ಲ ನಿರಾಳರಾಗುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆಗೆ ಮೂಳೆಯನ್ನು ಬಿಗಿದಿಡುವ ಅಸ್ಥಿರಜ್ಜು (ಲಿಗಮೆಂಟ್) ಕಾಣುವುದೇ ಇಲ್ಲ. ಕಾಣದ್ದು ಹರಿದಿದೆಯೋ ಇಲ್ಲವೋ ಎಂದು ಅದು ಹೇಗೆ ಹೇಳೀತು? ಎಂಆರ್‌ಐ ಆಗುವವರೆಗೆ ಏನನ್ನೂ ಹೇಳಲಾಗದು ಎನ್ನುವವರೂ ಇದ್ದಾರೆ. ಪಳಗಿದ ಕೈಗಳಿಗೆ ಅಷ್ಟು ಕಾಯಬೇಕಾಗಿಲ್ಲ.

ಮಂಡಿಯೊಳಗಿನ ಎಸಿಎಲ್ ಎಂಬ ರಜ್ಜು, ಕೆಳಕಾಲಿನ ಮೂಳೆ ತೊಡೆಮೂಳೆಯಡಿಯಿಂದ ಮುಂದಕ್ಕೆ ಜಾರದಂತೆ ಹಿಡಿದಿರುತ್ತದೆ. ಹಾಗಾದರೆ ಎಳೆದು ನೋಡಿದರಾಯಿತಲ್ಲ! ಹಳೆಯ ಡ್ರಾಯರ್ ಪರೀಕ್ಷೆ ಮಾಡುವುದು ಇದನ್ನೇ: ಮಂಡಿಯನ್ನು 90 ಡಿಗ್ರಿ ಮಡಚಿಸಿ, ಪಾದ ಅಲುಗದಂತೆ ಅದರ ಮೇಲೆ ಕುಳಿತು, ಎರಡೂ ಕೈಗಳಿಂದ ಎಳೆಯುವುದು. ಆದರೆ ಗಾಯ ಹೊಸತಾಗಿದ್ದರೆ, ರಜ್ಜು ಪೂರ್ತಿ ಹರಿದಿದ್ದರೂ ಎಷ್ಟೋ ಸಲ ಮೂಳೆ ಕದಲುವುದಿಲ್ಲ. ರಕ್ತ ತುಂಬಿ ಊದಿದ ಮಂಡಿ ಅಷ್ಟು ಮಡಚುವುದೇ ಕಷ್ಟ. ಮಡಚಿದರೂ ತೊಡೆಯ ಹಿಂಬದಿಯ ಸ್ನಾಯುಗಳು ನೋವಿಗೆ ಬಿಗಿದುಕೊಂಡು ಮೂಳೆಯನ್ನು ನೇರ ಹಿಂದಕ್ಕೆ ಜಗ್ಗುತ್ತವೆ. ಸಾಲದ್ದಕ್ಕೆ, ಒಳಬದಿಯ ಮೆನಿಸ್ಕಸ್‌ನ (ಮಂಡಿಯ ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿಯ) ಹಿಂತುದಿ ಬಾಗಿಲಡಿ ಸಿಕ್ಕಿಸಿದ ಬೆಣೆಯಂತೆ ಅಡ್ಡ ನಿಲ್ಲುತ್ತದೆ.

ಮಂಡಿಯನ್ನು 20ರಿಂದ 30 ಡಿಗ್ರಿಯಷ್ಟೇ ಬಾಗಿಸಿ ಎಳೆದರೆ ಈ ಮೂರೂ ಅಡ್ಡಿಗಳು ಬಹುಮಟ್ಟಿಗೆ ತಪ್ಪುತ್ತವೆ. ಇದೇ ಲಾಕ್‌ಮನ್ ಪರೀಕ್ಷೆ. ಅಮೆರಿಕದ ಜೋಸೆಫ್ ಟಾರ್ಗ್ ಮತ್ತು ಸಂಗಡಿಗರು 1976ರಲ್ಲಿ ಇದನ್ನು ಪ್ರಕಟಿಸಿ, ಹಿರಿಯ ವೈದ್ಯ ಜಾನ್ ಲಾಕ್‌ಮನ್ ಹೆಸರಿಟ್ಟರು. ತಮಾಷೆಯೆಂದರೆ, ಜಾರ್ಜ್ ನೂಲಿಸ್ ಎಂಬಾತ ಇಂಥದ್ದೇ ವಿಧಾನವನ್ನು 1875ರಲ್ಲೇ ಪ್ಯಾರಿಸ್‌ನ ತನ್ನ ಪ್ರಬಂಧದಲ್ಲಿ ವಿವರಿಸಿದ್ದ. ಯಾರೂ ಗಮನಿಸಲಿಲ್ಲ.

ಒಂದು ಕೈ ತೊಡೆಯನ್ನು ಭದ್ರವಾಗಿ ಹಿಡಿದಿರುತ್ತದೆ, ಇನ್ನೊಂದು ಕೆಳಕಾಲನ್ನು ಮೇಲಕ್ಕೆ ಎತ್ತುತ್ತದೆ. ಮೂಳೆ ಎಷ್ಟು ಜಾರಿತು ಎಂಬುದಕ್ಕಿಂತ ಹೇಗೆ ನಿಂತಿತು ಎಂಬುದೇ ಮುಖ್ಯ. ರಜ್ಜು ಗಟ್ಟಿಯಿದ್ದರೆ ಚಲನೆ ಟಕ್ಕೆಂದು ನಿಲ್ಲುತ್ತದೆ. ಹರಿದಿದ್ದರೆ ಕೊನೆಯೇ ಸಿಗದೆ ಮೆತ್ತಗೆ ಸಾಗುತ್ತದೆ. ಹುಟ್ಟಿನಿಂದಲೇ ಸಡಿಲ ಕೀಲುಗಳಿರುವವರೂ ಇರುವುದರಿಂದ ಗಾಯವಾಗದ ಮಂಡಿಯನ್ನು ಮೊದಲು ಪರೀಕ್ಷಿಸಬೇಕು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಶ್ಲೇಷಣೆಯೊಂದರ ಪ್ರಕಾರ ಹರಿದ ಎಸಿಎಲ್‌ಗಳಲ್ಲಿ ಶೇ 85ರಷ್ಟನ್ನು ಈ ಪರೀಕ್ಷೆ ಗುರುತಿಸುತ್ತದೆ. ಕಾಲನ್ನು ಒಳಕ್ಕೆ ತಿರುಗಿಸಿ ಮಡಚುವ ಪಿವಟ್ ಶಿಫ್ಟ್ ಪರೀಕ್ಷೆಗೆ ಸಿಕ್ಕಿದ್ದು ಬರೀ ಶೇ 24. ಎಚ್ಚರವಿರುವ ರೋಗಿ ನೋವಿಗೆ ಹೆದರಿ ಕಾಲು ಬಿಗಿಹಿಡಿಯುತ್ತಾನೆ. ಅರಿವಳಿಕೆ ಕೊಟ್ಟರೆ ಅದೇ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ.

ಒಂದು ಮೋಸ ಮಾತ್ರ ಉಳಿದಿದೆ. ಕೆಳಕಾಲಿನ ಮೂಳೆ ಹಿಂದಕ್ಕೆ ಜಾರದಂತೆ ಹಿಡಿದಿರುವ ಪಿಸಿಎಲ್ ಎಂಬ ಇನ್ನೊಂದು ರಜ್ಜು ಹರಿದಿದ್ದರೆ ಆ ಮೂಳೆ ಮೊದಲೇ ಹಿಂದಕ್ಕೆ ಕುಸಿದಿರುತ್ತದೆ. ಎಳೆದಾಗ ಅದು ತನ್ನ ಸರಿಯಾದ ಜಾಗಕ್ಕೆ ಮರಳುತ್ತದೆ, ಅಷ್ಟೆ. ಅದನ್ನೇ ಮುಂದಕ್ಕೆ ಜಾರಿತೆಂದು ತಿಳಿದು ಎಸಿಎಲ್ ಮೇಲೆ ತಪ್ಪು ಹೊರಿಸುವವರಿದ್ದಾರೆ. ಅದಕ್ಕೇ ಕೈ ಹಾಕುವ ಮುನ್ನ ರೋಗಿಯನ್ನು ಅಂಗಾತ ಮಲಗಿಸಿ, ಎರಡೂ ಮಂಡಿಗಳನ್ನು ಮಡಚಿಸಿ, ಪಕ್ಕದಿಂದ ಬಗ್ಗಿ ನೋಡಬೇಕು: ಯಾವ ಮಂಡಿಯ ಕೆಳಗೆ ಮೂಳೆ ತಗ್ಗಿದೆ?